ಮುಸುರೆ ನೀರಿನಿಂದ ಮೇಲ್ಮೈ ವಿಜ್ಞಾನಕ್ಕೆ

ರಾತ್ರಿ ಊಟವಾದ ಮೇಲೆ ಮುಸುರೆ ಪಾತ್ರೆಗಳನ್ನು ಬೋಗುಣಿಯ ನೀರಿನಲ್ಲಿ ಅದ್ದಿ ತೊಳೆಯುವುದನ್ನು ನೀವು ನೋಡಿದ್ದೀರಿ, ನೀವೇ ತೊಳೆದಿರಲೂಬಹುದು. ಸ್ವಲ್ಪ ಹೊತ್ತಿನಲ್ಲಿ ನೀರಿನ ಮೇಲೆ ಜಿಡ್ಡಿನ ತೆಳು ಪದರ ಹರಡಿಕೊಳ್ಳುತ್ತದೆ. ನೀರಿನೊಳಗೆ ಚೆನ್ನಾಗಿ ಉಜ್ಜಿ ತೊಳೆದ ಗಾಜಿನ ಲೋಟವನ್ನು ಮೇಲೆತ್ತಿದರೆ ಅದಕ್ಕೂ ಜಿಡ್ಡು ಮೆತ್ತಿಕೊಂಡಿರುತ್ತದೆ. ಒಳಗಿದ್ದಾಗ ಶುಭ್ರವಾಗಿದ್ದ ಲೋಟ ಹೊರಗೆ ಬರುವಾಗ ಜಿಡ್ಡಾದದ್ದು ಹೇಗೆ? ಪ್ರಶ್ನೆ ಸಾಮಾನ್ಯವಾಗಿ ಕಾಣುತ್ತದೆ. ಆದರೆ ಇದರ ಬೆನ್ನು ಹತ್ತಿ ಹೋದರೆ ವಿಜ್ಞಾನದ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಮ್ಮೆದುರು ತೆರೆದುಕೊಳ್ಳುತ್ತದೆ.

ಅಡುಗೆಮನೆಯ ಪ್ರಯೋಗಶಾಲೆ

ಆಗ್ನೆಸ್ ಪೊಕೆಲ್ಸ್ ಹುಟ್ಟಿದ್ದು 1862ರಲ್ಲಿ, ಆಗ ಆಸ್ಟ್ರಿಯದ ಆಳ್ವಿಕೆಯಲ್ಲಿದ್ದ ವೆನಿಸ್ ನಗರದಲ್ಲಿ. ತಂದೆ ಸೈನ್ಯದಲ್ಲಿದ್ದರು. ಅವರ ಆರೋಗ್ಯ ಕೆಟ್ಟ ಕಾರಣ 1871ರಲ್ಲಿ ಕುಟುಂಬ ಜರ್ಮನಿಯ ಬ್ರೌನ್‌ಷ್ವೈಗ್ ಪಟ್ಟಣಕ್ಕೆ ಬಂದು ನೆಲೆಸಿತು. ಹೆಣ್ಣುಮಕ್ಕಳ ಶಾಲೆಯಲ್ಲಿ ಓದುತ್ತಿದ್ದಾಗಲೇ ಆಗ್ನೆಸ್‌ಗೆ ಭೌತವಿಜ್ಞಾನದಲ್ಲಿ ಆಸಕ್ತಿ ಹುಟ್ಟಿತು. ಆದರೆ ಆ ಕಾಲದಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಕಾಯಿಲೆಯ ತಂದೆ ತಾಯಿಯರ ಆರೈಕೆ, ಅಡುಗೆ, ಪಾತ್ರೆ ತೊಳೆಯುವ ಕೆಲಸ ಇವೆಲ್ಲ ಅವರ ಪಾಲಿಗೆ ಬಂದವು. ತಮ್ಮ ಫ್ರೀಡ್ರಿಕ್ ಗಟಿಂಗೆನ್‌ನಲ್ಲಿ ಭೌತವಿಜ್ಞಾನ ಓದಲು ಹೋದ. ಬೆಳಕಿನ ವಿಜ್ಞಾನ ಓದುವವರಿಗೆ ‘ಪೊಕೆಲ್ಸ್ ಪರಿಣಾಮ’ದ ಮೂಲಕ ಪರಿಚಿತನಾದವನು ಈತನೇ. ಅವನು ಕಳುಹಿಸುತ್ತಿದ್ದ ಪುಸ್ತಕಗಳೇ ಅಕ್ಕನ ಪಾಲಿನ ಕಾಲೇಜು.

ಕೋಟ್ಯಂತರ ಹೆಂಗಸರು ಬೇಸರದಿಂದ ಚೆಲ್ಲಿಬಿಡುವ ಜಿಡ್ಡಿನ ನೀರೇ ಆಗ್ನೆಸ್‌ರ ಕುತೂಹಲವನ್ನು ಕೆರಳಿಸಿತೆಂದು ಅವರ ಮನೆಯವರು ಮುಂದೆ ನೆನಪಿಸಿಕೊಂಡಿದ್ದಾರೆ. ಇಪ್ಪತ್ತರ ಆಸುಪಾಸಿನಲ್ಲೇ ಅವರು ತಗಡಿನ ಒಂದು ಉದ್ದನೆಯ ತೊಟ್ಟಿಯನ್ನು ಉಪಕರಣವಾಗಿ ಬಳಸತೊಡಗಿದರು. ಅದರ ಉದ್ದ 70 ಸೆಂ.ಮೀ., ಅಗಲ 5 ಸೆಂ.ಮೀ., ಆಳ 2 ಸೆಂ.ಮೀ. ಅಂಚಿನವರೆಗೂ ನೀರು ತುಂಬಿ, ಅಡ್ಡಲಾಗಿ ಒಂದೂವರೆ ಸೆಂ.ಮೀ. ಅಗಲದ ತಗಡಿನ ಪಟ್ಟಿಯನ್ನು ಇಡುತ್ತಿದ್ದರು. ಪಟ್ಟಿಯನ್ನು ಸರಿಸಿದರೆ ಒಂದು ಬದಿಯ ನೀರಿನ ಮೇಲ್ಮೈ ಕುಗ್ಗುತ್ತದೆ, ಇನ್ನೊಂದು ಬದಿಯದು ಹಿಗ್ಗುತ್ತದೆ. ಮೇಲ್ಮೈಗೆ ತಾಗಿದ ಪುಟ್ಟ ಬಿಲ್ಲೆಯೊಂದನ್ನು ತಕ್ಕಡಿಯ ಸಹಾಯದಿಂದ ಮೇಲೆಳೆದು, ಅದು ನೀರಿನಿಂದ ಬಿಡಿಸಿಕೊಳ್ಳಲು ಎಷ್ಟು ಬಲ ಬೇಕೆಂದು ಅಳೆಯುತ್ತಿದ್ದರು. ಹೀಗೆ ದೊರೆಯುತ್ತಿದ್ದದ್ದು ಮೇಲ್ಮೈ ಎಳೆತದ ಅಳತೆ.

ಅವರು ಕಂಡುಕೊಂಡದ್ದೇನು? ಜಿಡ್ಡು ಸೋಂಕಿದ ಮೇಲ್ಮೈಯನ್ನು ಒಂದು ಮಿತಿಯವರೆಗೆ ಕುಗ್ಗಿಸಿದರೂ ಎಳೆತ ಬದಲಾಗುವುದಿಲ್ಲ. ಆ ಮಿತಿ ದಾಟಿದೊಡನೆ ಅದು ಥಟ್ಟನೆ ಇಳಿಯತೊಡಗುತ್ತದೆ. ಅಲ್ಲದೆ, ಪಟ್ಟಿಯಿಂದ ನೀರಿನ ಮೇಲ್ಮೈಯನ್ನು ಗುಡಿಸಿ ಶುದ್ಧಗೊಳಿಸಬಹುದು. ನೆಲ ಗುಡಿಸಿದಂತೆ ನೀರನ್ನೂ ಗುಡಿಸುವ ಈ ಉಪಾಯ ಮುಂದೆ ಮೇಲ್ಮೈ ಪ್ರಯೋಗಗಳಿಗೆಲ್ಲ ಬುನಾದಿಯಾಯಿತು.

ಒಂದು ಪತ್ರ

ಸುಮಾರು ಹತ್ತು ವರ್ಷ ಈ ಕೆಲಸ ಹೊರಗಿನವರ ಗಮನಕ್ಕೆ ಬರಲಿಲ್ಲ. ಇಂಗ್ಲೆಂಡಿನಲ್ಲಿ ಲಾರ್ಡ್ ರ‍್ಯಾಲೆ ನೀರಿನ ಮೇಲಿನ ಎಣ್ಣೆಯ ಪದರಗಳನ್ನು ಕುರಿತು ಪ್ರಯೋಗ ನಡೆಸುತ್ತಿರುವುದು ತಿಳಿದಾಗ, 1891ರ ಜನವರಿಯಲ್ಲಿ ಆಗ್ನೆಸ್ ತಮ್ಮ ಪ್ರಯೋಗಗಳನ್ನು ವಿವರಿಸಿ ಅವರಿಗೆ ಜರ್ಮನ್ ಭಾಷೆಯಲ್ಲಿ ಪತ್ರ ಬರೆದರು. ರ‍್ಯಾಲೆ ಅದನ್ನು ಬದಿಗಿಡಲಿಲ್ಲ. ಅವರ ಪತ್ನಿ ಅನುವಾದ ಮಾಡಿದರು. ರ‍್ಯಾಲೆ ಶಿಫಾರಸಿನೊಂದಿಗೆ ‘ನೇಚರ್’ ಪತ್ರಿಕೆಗೆ ಕಳುಹಿಸಿದರು. 1891ರ ಮಾರ್ಚ್ 12ರ ಸಂಚಿಕೆಯಲ್ಲಿ ಅದು ಆಗ್ನೆಸ್‌ರ ಹೆಸರಿನಲ್ಲೇ ಪ್ರಕಟವಾಯಿತು. ಆ ಪ್ರಯೋಗಗಳನ್ನು ಮುಂದುವರಿಸಿದ ರ‍್ಯಾಲೆ, ಎಳೆತ ಇಳಿಯತೊಡಗುವ ಹಂತದಲ್ಲಿ ಪದರದ ದಪ್ಪ ಒಂದೇ ಅಣುವಿನಷ್ಟು ಎಂದು 1899ರಲ್ಲಿ ತರ್ಕಿಸಿದರು.

ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಇದೇ ಬಗೆಯ ತೊಟ್ಟಿಯನ್ನು ಸುಧಾರಿಸಿ, ಮೇಲ್ಮೈಯಲ್ಲಿ ಅಣುಗಳು ನಿಲ್ಲುವ ರೀತಿಯನ್ನು 1917ರಲ್ಲಿ ವಿವರಿಸಿದರು. ಮೇಲ್ಮೈ ರಸಾಯನ ವಿಜ್ಞಾನಕ್ಕಾಗಿ ಅವರಿಗೆ 1932ರಲ್ಲಿ ನೊಬೆಲ್ ಬಹುಮಾನ ಬಂತು. ಆಗ್ನೆಸ್‌ಗೆ ಅದೇ ವರ್ಷ, ಎಪ್ಪತ್ತನೆಯ ವಯಸ್ಸಿನಲ್ಲಿ, ಬ್ರೌನ್‌ಷ್ವೈಗ್‌ನ ತಾಂತ್ರಿಕ ವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1935ರಲ್ಲಿ ಅವರು ತೀರಿಕೊಂಡರು.

ನಾನು ಅನೇಕ ವರ್ಷ ಮೇಲ್ಮೈ ಎಳೆತದ ಪಾಠ ಮಾಡಿದ್ದೇನೆ. ರ‍್ಯಾಲೆಯ ಹೆಸರು ಹೇಳಿದೆ, ಲ್ಯಾಂಗ್‌ಮ್ಯೂರ್ ಹೆಸರೂ ಹೇಳಿದೆ. ಪೊಕೆಲ್ಸ್ ಎಂದರೆ ನನಗೆ ತಮ್ಮ ಮಾತ್ರ ಗೊತ್ತಿದ್ದ; ಅಕ್ಕನ ಹೆಸರನ್ನು ತರಗತಿಯಲ್ಲಿ ಹೇಳಿರಲಿಲ್ಲ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಲೋಟ ಮೊದಲು, ಬಾಣಲೆ ಕೊನೆಗೆ

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಜಿಡ್ಡು ಇರುವುದು ಮುಖ್ಯವಾಗಿ ನೀರಿನ ಮೇಲ್ಮೈಯಲ್ಲಿ. ಲೋಟ ಆ ಮೇಲ್ಮೈಯನ್ನು ಹಾಯ್ದು ಬರುವಾಗ ಪದರ ಅದಕ್ಕೆ ಅಂಟಿಕೊಳ್ಳುತ್ತದೆ. ಲ್ಯಾಂಗ್‌ಮ್ಯೂರ್ ಜೊತೆ ಕೆಲಸ ಮಾಡಿದ ಕ್ಯಾಥರೀನ್ ಬ್ಲಾಜೆಟ್ 1930ರ ದಶಕದಲ್ಲಿ ಇದನ್ನೇ ತಂತ್ರವಾಗಿಸಿದರು. ಗಾಜಿನ ಫಲಕವನ್ನು ಮತ್ತೆ ಮತ್ತೆ ಅದ್ದಿ ತೆಗೆದು, ಅಣುವಿನಷ್ಟೇ ದಪ್ಪದ ಪದರಗಳನ್ನು ಒಂದರ ಮೇಲೊಂದು ಕೂರಿಸಿ, ಬೆಳಕನ್ನು ಪ್ರತಿಫಲಿಸದ ಗಾಜನ್ನು ತಯಾರಿಸಿದರು.

ನಮ್ಮ ತಾಯಿ ಹಾಲಿನ ಪಾತ್ರೆ, ಲೋಟಗಳನ್ನು ಮೊದಲು ತೊಳೆದು, ತಟ್ಟೆಗಳನ್ನು ಆಮೇಲೆ ತೊಳೆದು, ಎಣ್ಣೆ ಬಾಣಲೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದರು. ನಡುನಡುವೆ ಬೋಗುಣಿಗೆ ನೀರು ಸುರಿದು ಅಂಚಿನಿಂದ ಉಕ್ಕಿ ಹರಿಯಲು ಬಿಡುತ್ತಿದ್ದರು. ನೀರು ದಂಡವಾಗುತ್ತದೆಂದು ನಾನು ಆಕ್ಷೇಪಿಸಿದ್ದೂ ಉಂಟು. ಅವರು ಮಾಡುತ್ತಿದ್ದದ್ದು ಮೇಲ್ಮೈಯನ್ನು ಗುಡಿಸುವ ಕೆಲಸವೇ! ಹೀಗೆ ಒಂದೆರಡು ಚೊಂಬು ನೀರಿನಿಂದ ಜಿಡ್ಡನ್ನು ಹೊರಹಾಕಿದರೆ ಇಡೀ ಬೋಗುಣಿಯ ನೀರನ್ನು ಬದಲಾಯಿಸಬೇಕಿಲ್ಲ.

ಮನೆಯ ವಸ್ತುಗಳು ಹೇಗೆ ಕೆಲಸ ಮಾಡುತ್ತವೆ?

ಅಂಟುವಾಳ ಮತ್ತು ಸೀಗೆಕಾಯಿಗಳಲ್ಲಿ ಸ್ಯಾಪೊನಿನ್ ಎಂಬ ಪದಾರ್ಥಗಳಿವೆ. ಇವುಗಳ ಅಣುವಿನ ಒಂದು ಭಾಗಕ್ಕೆ ನೀರು ಪ್ರಿಯ, ಇನ್ನೊಂದಕ್ಕೆ ಎಣ್ಣೆ. ಇವು ಮೇಲ್ಮೈಯಲ್ಲಿ ಸಾಲುಗಟ್ಟಿ ನೀರಿನ ಎಳೆತವನ್ನು ತಗ್ಗಿಸುತ್ತವೆ. ಜಿಡ್ಡನ್ನು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಹಿಡಿದಿಡುತ್ತವೆ. ಹತ್ತು ಹನ್ನೆರಡು ಅಂಟುವಾಳಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಕಾಲು ಗಂಟೆ ಕುದಿಸಿ, ಕಿವುಚಿ ಸೋಸಿಕೊಳ್ಳಿ. ಪಾತ್ರೆಗೂ ನೆಲ ಒರೆಸುವುದಕ್ಕೂ ಇದು ಸಾಕು. ಎರಡು ಮೂರು ದಿನಗಳಲ್ಲಿ ಬಳಸಿ ಮುಗಿಸಬೇಕು, ಹೆಚ್ಚು ದಿನ ಇಟ್ಟರೆ ಹಳಸುತ್ತದೆ. ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಎಚ್ಚರ.

ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ನೊರೆ ಕೊಡದೆ ಬಿಳಿ ಗಸಿಯಾಗುವುದು ಕ್ಯಾಲ್ಸಿಯಮ್‌ನಿಂದ. ನಲ್ಲಿ, ಬಕೆಟ್ಟುಗಳ ಮೇಲೆ ಕಟ್ಟುವ ಬಿಳಿ ಕರೆಯೂ ಬಹುಮಟ್ಟಿಗೆ ಕ್ಯಾಲ್ಸಿಯಮ್ ಕಾರ್ಬೊನೇಟ್. ಇದನ್ನು ನಿಂಬೆರಸ ಕರಗಿಸುತ್ತದೆ. ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲ ತಾಮ್ರ, ಹಿತ್ತಾಳೆಗಳ ಮೇಲಿನ ಆಕ್ಸೈಡನ್ನು ತೆಗೆಯುತ್ತದೆ. ಒಲೆಯ ಬೂದಿಯಲ್ಲಿರುವ ಪೊಟ್ಯಾಸಿಯಮ್ ಕಾರ್ಬೊನೇಟ್ ಕ್ಷಾರಗುಣದ್ದು. ಜಿಡ್ಡನ್ನು ಸಡಿಲಿಸಲು ನೆರವಾಗುತ್ತದೆ, ಜೊತೆಗೆ ಬೂದಿಯ ಕಣಗಳು ಉಜ್ಜುತ್ತವೆ.

ಆಮ್ಲದ ಕೆಲಸ ಬೇರೆ, ಕ್ಷಾರದ ಕೆಲಸ ಬೇರೆ. ಅಡುಗೆ ಸೋಡ ಮತ್ತು ವಿನೆಗರ್ ಬೆರೆಸಿದಾಗ ಬುರುಗು ಬರುವುದು ನಿಜ. ಆದರೆ ಎರಡೂ ಒಂದನ್ನೊಂದು ತಟಸ್ಥಗೊಳಿಸುವುದರಿಂದ ಕೊನೆಗೆ ಉಳಿಯುವ ದ್ರಾವಣಕ್ಕೆ ಶುಚಿಗೊಳಿಸುವ ಶಕ್ತಿ ಅಷ್ಟಾಗಿ ಇರುವುದಿಲ್ಲ. ಬ್ಲೀಚಿಂಗ್ ಪೌಡರಿನ ಜೊತೆ ಬಚ್ಚಲು ತೊಳೆಯುವ ಆ್ಯಸಿಡ್ಡನ್ನು ಎಂದೂ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಗಾಳಿಯಾಡದ ಬಚ್ಚಲಿನಲ್ಲಿ ಇದು ಪ್ರಾಣಕ್ಕೇ ಅಪಾಯ.

ತರಗತಿಯಲ್ಲಿ ಮಾಡಿ ನೋಡಿ

ಚೆನ್ನಾಗಿ ತೊಳೆದ ಉದ್ದನೆಯ ಟ್ರೇ ಒಂದರಲ್ಲಿ ಅಂಚಿನವರೆಗೂ ನೀರು ತುಂಬಿ, ಕರ್ಪೂರದ ಸಣ್ಣ ಚೂರುಗಳನ್ನು ಹಾಕಿ. ಅವು ಕುಣಿಯುತ್ತವೆ. ಕರ್ಪೂರ ಸುತ್ತಲೂ ಒಂದೇ ಸಮನಾಗಿ ಹರಡದೆ ಎಳೆತದಲ್ಲಿ ವ್ಯತ್ಯಾಸ ಉಂಟಾಗುವುದೇ ಇದಕ್ಕೆ ಕಾರಣ. ಎಣ್ಣೆ ಸವರಿದ ಸೂಜಿಯ ತುದಿಯನ್ನು ನೀರಿಗೆ ತಾಗಿಸಿ. ಕುಣಿತ ನಿಲ್ಲುತ್ತದೆ. ಈಗ ಶುಭ್ರವಾದ ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಅಂಚುಗಳ ಮೇಲೆ ಅಡ್ಡಲಾಗಿ, ನೀರಿಗೆ ತಾಗುವಂತೆ ಇಟ್ಟು, ಒಂದು ತುದಿಯಿಂದ ಇನ್ನೊಂದರ ಕಡೆಗೆ ನಿಧಾನವಾಗಿ ಸರಿಸಿ. ಪಟ್ಟಿಯ ಹಿಂದೆ ತೆರೆದುಕೊಂಡ ಹೊಸ ಮೇಲ್ಮೈಗೆ ಕರ್ಪೂರದ ಹೊಸ ಚೂರು ಹಾಕಿ. ಮತ್ತೆ ಕುಣಿಯುತ್ತದೆ! ಎಣ್ಣೆ ಹೆಚ್ಚಾಗಿದ್ದರೆ ಎರಡು ಮೂರು ಬಾರಿ ಗುಡಿಸಬೇಕಾದೀತು.

ಶಿಕ್ಷಕ ಮಿತ್ರರೇ, ನಿಮ್ಮ ತರಗತಿಯಲ್ಲಿ ಬೆಳಗ್ಗೆ ಮುಸುರೆ ತಿಕ್ಕಿ ಶಾಲೆಗೆ ಬಂದ ವಿದ್ಯಾರ್ಥಿನಿಯರು ಇರಬಹುದು. ಆ ಕೆಲಸ ಅವರಿಗೆ ಮಾತ್ರ ಮೀಸಲಾಗಬೇಕಿಲ್ಲ, ಹುಡುಗರೂ ಮಾಡಲಿ. ಆದರೆ ಮೇಲ್ಮೈ ಎಳೆತದ ಪಾಠ ಶುರುಮಾಡುವ ಮೊದಲು ಒಮ್ಮೆ ಅವರನ್ನು ಕೇಳಿ: ಪಾತ್ರೆ ತೊಳೆಯುವಾಗ ನೀರಿನ ಮೇಲೆ ಏನು ಕಂಡಿರಿ? ಲಾರ್ಡ್ ರ‍್ಯಾಲೆ ಆ ಪತ್ರವನ್ನು ಓದಿದಂತೆ, ಅವರ ಉತ್ತರವನ್ನು ಗಮನವಿಟ್ಟು ಕೇಳಿ.