ಹಳೆಯ ಕ್ಯಾರವಾನ್‌ಗೆ ಬ್ರೇಕ್ ಬಿಡಿಭಾಗ: ಹುಡುಕುವುದು ಎಲ್ಲಿ, ಹೇಗೆ?

ಮಂಡ್ಯ: ಅಡುಗೆ ಒಲೆ, ಹಾಸಿಗೆ, ನೀರಿನ ತೊಟ್ಟಿ, ಶೌಚಾಲಯಗಳನ್ನು ಒಡಲಲ್ಲಿಟ್ಟುಕೊಂಡು ಓಡಾಡುವ ಮನೆಯೇ ಮೋಟಾರ್ ಕ್ಯಾರವಾನ್. ಕನ್ನಡಿಗರಿಗೆ ಇದು ಪರಿಚಯವಾದದ್ದು ಸಿನಿಮಾ ಚಿತ್ರೀಕರಣದ ಮೂಲಕ. ಶ್ರೀರಂಗಪಟ್ಟಣ ತಾಲ್ಲೂಕಿನ ಮಹದೇವಪುರ ಮತ್ತು ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಚಿತ್ರರಂಗದ ಅಚ್ಚುಮೆಚ್ಚಿನ ತಾಣಗಳು. ಈಚಿನ ವರ್ಷಗಳಲ್ಲಿ ಕುಟುಂಬ ಸಮೇತ ಪ್ರವಾಸ ಹೊರಡುವವರೂ ಹಳೆಯ ಮಿನಿಬಸ್ ಕೊಂಡು ಕ್ಯಾರವಾನ್ ಆಗಿ ಪರಿವರ್ತಿಸಿಕೊಳ್ಳುತ್ತಿದ್ದಾರೆ.

ಇಂತಹ ವಾಹನದ ಒಳಾಂಗಣಕ್ಕೆ ಲಕ್ಷಗಟ್ಟಲೆ ರೂಪಾಯಿ ವ್ಯಯಿಸುವ ಮಾಲೀಕರು ಬ್ರೇಕ್ ಕೈಕೊಟ್ಟಾಗ ಮಾತ್ರ ದಿಕ್ಕು ತೋಚದಂತಾಗುತ್ತಾರೆ. 'ಕ್ಯಾರವಾನ್‌ನ ಬ್ರೇಕ್ ಶೂ ಕೊಡಿ' ಎಂದರೆ ಯಾವ ಅಂಗಡಿಯಲ್ಲೂ ಸಿಗದು. ಕಾರಣ ಸರಳ: ಕ್ಯಾರವಾನ್‌ಗೆ ಅದರದೇ ಆದ ಬ್ರೇಕ್ ಎಂಬುದಿಲ್ಲ. ಇರುವುದು ಅದನ್ನು ಹೊತ್ತ ಚಾಸಿಯ ಬ್ರೇಕ್. ಈ ಒಂದು ಸಂಗತಿ ಅರಿತರೆ ಅರ್ಧ ಹುಡುಕಾಟ ಮುಗಿದಂತೆ.

ಮೊದಲು ಚಾಸಿ ಗುರುತಿಸಿ

ರಾಜ್ಯದಲ್ಲಿ ಕಾಣಸಿಗುವ ಹಳೆಯ ಕ್ಯಾರವಾನ್‌ಗಳು ಬಹುತೇಕ ಟಾಟಾ 407, ಸ್ವರಾಜ್ ಮಜ್ದಾ ಅಥವಾ ಟೆಂಪೊ ಟ್ರಾವೆಲರ್ ಚಾಸಿಯ ಮೇಲೆ ಬಾಡಿ ಕಟ್ಟಿಸಿದಂಥವು. ಟಾಟಾ 407 ರಸ್ತೆಗಿಳಿದದ್ದು 1986ರಲ್ಲಿ. ಹೀಗಾಗಿ ಒಂದೇ ಹೆಸರಿನ ಅಡಿಯಲ್ಲಿ ಹಲವು ಪೀಳಿಗೆಯ ವಾಹನಗಳಿವೆ. ಕಂಪನಿಗಳ ಹೆಸರೂ ಬದಲಾಗಿದೆ. ಟೆಂಪೊ ಟ್ರಾವೆಲರ್ ತಯಾರಿಸುತ್ತಿದ್ದ ಬಜಾಜ್ ಟೆಂಪೊ 2005ರಲ್ಲಿ ಫೋರ್ಸ್ ಮೋಟಾರ್ಸ್ ಆಯಿತು. ಸ್ವರಾಜ್ ಮಜ್ದಾ 2011ರಲ್ಲಿ ಎಸ್‌ಎಂಎಲ್ ಇಸುಜು ಆಯಿತು. ಹಳೆಯ ಹೆಸರಿನಲ್ಲಿ ವಿಚಾರಿಸಿ 'ಇಲ್ಲ' ಎಂಬ ಉತ್ತರ ಬಂದರೆ ಹೊಸ ಹೆಸರಿನಲ್ಲೂ ವಿಚಾರಿಸುವುದು ಒಳಿತು.

ಅಂಗಡಿಗೆ ಹೋಗುವ ಮುನ್ನ ಮಾಲೀಕರು ಈ ವಿವರಗಳನ್ನು ಬರೆದಿಟ್ಟುಕೊಳ್ಳಬೇಕು:

* ನೋಂದಣಿ ಪತ್ರದಲ್ಲಿರುವ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ತಯಾರಿಕೆಯ ತಿಂಗಳು ಮತ್ತು ವರ್ಷ. ಚಾಸಿಯ ಮೇಲೆ ಕೊರೆದ ಸಂಖ್ಯೆಯೊಂದಿಗೆ ಇದು ತಾಳೆಯಾಗಬೇಕು.
* ಮುಂದಿನ ಮತ್ತು ಹಿಂದಿನ ಚಕ್ರಗಳಲ್ಲಿರುವುದು ಡ್ರಮ್ಮೋ ಡಿಸ್ಕೋ. ಬ್ರೇಕ್ ಹೈಡ್ರಾಲಿಕ್ ಬಗೆಯದೋ ಏರ್ ಬ್ರೇಕೋ.
* ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್ ಮತ್ತು ಬೂಸ್ಟರ್‌ಗಳ ಮೇಲೆ ಎರಕದಲ್ಲಿ ಮೂಡಿರುವ ಅಂಕಿ ಹಾಗೂ ತಯಾರಕರ ಗುರುತು.
* ಡ್ರಮ್‌ನ ಒಳವ್ಯಾಸ, ಬ್ರೇಕ್ ಶೂ ಅಗಲ, ಸಿಲಿಂಡರ್‌ನ ಒಳವ್ಯಾಸ.

ಸಾಧ್ಯವಿದ್ದಲ್ಲಿ ಬಿಚ್ಚಿದ ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು ಹೋಗಬೇಕು. ಹಿಂದಿನ ಮಾಲೀಕರು ಬೇರೊಂದು ವಾಹನದ ಆ್ಯಕ್ಸೆಲ್ ಕೂರಿಸಿದ್ದರೆ ನೋಂದಣಿ ಪತ್ರ ಒಂದು ಹೇಳುತ್ತದೆ, ಚಕ್ರದೊಳಗಿನ ಭಾಗ ಇನ್ನೊಂದು ಹೇಳುತ್ತದೆ. ಅಂತಹ ಸಂದರ್ಭದಲ್ಲಿ ಅಳತೆಯೇ ಅಂತಿಮ.

ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವೂ ದೊಡ್ಡದೇ. ಒಂದು ಚಕ್ರಕ್ಕೆ 25.40 ಮಿ.ಮೀ. ಒಳವ್ಯಾಸದ ವೀಲ್ ಸಿಲಿಂಡರ್, ಅದರ ಜೋಡಿ ಚಕ್ರಕ್ಕೆ 22.22 ಮಿ.ಮೀ. ಸಿಲಿಂಡರ್ ಹಾಕಿದರೆ ವ್ಯತ್ಯಾಸ ಮೂರು ಮಿಲಿಮೀಟರ್ ಅಷ್ಟೇ ಎನಿಸಬಹುದು. ಆದರೆ ಶೂ ಒತ್ತುವ ಬಲದಲ್ಲಿ ಉಂಟಾಗುವ ವ್ಯತ್ಯಾಸ ಸುಮಾರು ಶೇ 30. ಬ್ರೇಕ್ ಒತ್ತಿದೊಡನೆ ವಾಹನ ಒಂದು ಬದಿಗೆ ಎಳೆಯುತ್ತದೆ. ಆದ್ದರಿಂದ ಶೂ, ಪ್ಯಾಡ್, ಸಿಲಿಂಡರ್‌ಗಳನ್ನು ಒಂದು ಆ್ಯಕ್ಸೆಲ್‌ನ ಎರಡೂ ಚಕ್ರಗಳಿಗೆ ಜೋಡಿಯಾಗಿಯೇ ಬದಲಿಸಬೇಕು.

ಓಡಿ ಸವೆಯುವುದಲ್ಲ, ನಿಂತು ಕೆಡುವುದು

ದಿನವೂ ಓಡುವ ಮಿನಿಬಸ್‌ನ ಬ್ರೇಕ್ ಸವೆದು ಹಾಳಾಗುತ್ತದೆ. ವರ್ಷದಲ್ಲಿ ಹೆಚ್ಚು ಕಾಲ ಶೆಡ್ಡಿನಲ್ಲೇ ಇರುವ ಕ್ಯಾರವಾನ್‌ನ ಬ್ರೇಕ್ ನಿಂತಲ್ಲೇ ಕೆಡುತ್ತದೆ. ಲೈನಿಂಗ್ ದಪ್ಪವಾಗಿಯೇ ಇದೆ ಎಂಬ ಕಾರಣಕ್ಕೆ ನಿಶ್ಚಿಂತರಾಗಿರುವ ಮಾಲೀಕರು ಎಡವುವುದು ಇಲ್ಲಿಯೇ.

ಜನ ಬ್ರೇಕ್ ಆಯಿಲ್ ಎಂದು ಕರೆಯುವ ದ್ರವ ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಮಾನದಂಡ. ತೇವ ಹೀರಿದ ಬಳಿಕದ ಮಿತಿ 140 ಡಿಗ್ರಿ ಮಾತ್ರ. ಡಾಟ್ 4 ದರ್ಜೆಗೆ ಇವು ಕ್ರಮವಾಗಿ 230 ಮತ್ತು 155 ಡಿಗ್ರಿ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ತೇವಗೊಂಡ ದ್ರವ ಕುದಿದು ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ಆಗ ಪೆಡಲ್ ನೆಲ ಮುಟ್ಟಿದರೂ ಚಕ್ರ ನಿಲ್ಲದು. ವಾಹನ ಓಡಲಿ, ಬಿಡಲಿ, ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ಣವಾಗಿ ಬದಲಿಸುವುದು ಸುರಕ್ಷಿತ.

ಇದೇ ತೇವ ಸಿಲಿಂಡರ್‌ಗಳ ಒಳಗೋಡೆಗೆ ತುಕ್ಕು ಹಿಡಿಸುತ್ತದೆ. ರಬ್ಬರ್ ವಾಷರ್‌ಗಳು ಗಡುಸಾಗುತ್ತವೆ. ಹೋಸ್ ಪೈಪ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ದ್ರವದ ದಾರಿಯನ್ನು ಮುಚ್ಚಬಹುದು. ತುಕ್ಕು ತಿಂದ ಸಿಲಿಂಡರ್‌ಗೆ ಹೊಸ ವಾಷರ್ ಕಿಟ್ ಹಾಕಿದರೆ ಕೆಲವೇ ದಿನಗಳಲ್ಲಿ ಮತ್ತೆ ಸೋರಿಕೆ ಶುರುವಾಗುತ್ತದೆ. ಇಡೀ ಸಿಲಿಂಡರ್ ಬದಲಿಸುವುದೇ ಲೇಸು.

ಭಾರದ ಲೆಕ್ಕ

ನಾಲ್ಕು ಟನ್ ತೂಕದ ವಾಹನವನ್ನು ಗಂಟೆಗೆ 80 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದಾಗ ಹೊಮ್ಮುವ ಶಾಖ ಸುಮಾರು ಮೂರು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ವೇಗ ದುಪ್ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಇದಷ್ಟನ್ನೂ ಅರಗಿಸಿಕೊಳ್ಳಬೇಕಾದ್ದು ಡ್ರಮ್ ಮತ್ತು ಲೈನಿಂಗ್.

ಪ್ಲೈವುಡ್ ಕಪಾಟು, ಬ್ಯಾಟರಿ, ಗ್ಯಾಸ್ ಸಿಲಿಂಡರ್, 200 ಲೀಟರ್ ನೀರು ಸೇರಿದರೆ ವಾಹನದ ತೂಕ ಚಾಸಿಯ ಗರಿಷ್ಠ ಮಿತಿಯನ್ನು ಸದ್ದಿಲ್ಲದೆ ದಾಟಿರಬಹುದು. ಕಬ್ಬಿನ ಸೀಮೆಯಾದ ಮಂಡ್ಯ ಜಿಲ್ಲೆಯಲ್ಲಿ ವೇಬ್ರಿಡ್ಜ್‌ಗಳಿಗೆ ಕೊರತೆಯಿಲ್ಲ. ನೀರು ತುಂಬಿಸಿ, ಸಾಮಾನು ಹೇರಿ ಒಮ್ಮೆ ತೂಕ ಹಾಕಿಸಿ, ನೋಂದಣಿ ಪತ್ರದ ಮಿತಿಯೊಂದಿಗೆ ಹೋಲಿಸಬೇಕು. ಮಿತಿ ಮೀರಿದ್ದರೆ ಸಾಮಾನು ಇಳಿಸಬೇಕೇ ಹೊರತು ಯಾವ ಹೊಸ ಲೈನಿಂಗೂ ಅದಕ್ಕೆ ಮದ್ದಲ್ಲ.

ಈ ನಾಲ್ಕು ತಾಲ್ಲೂಕುಗಳ ರಸ್ತೆಗಳೂ ಬ್ರೇಕನ್ನು ಪರೀಕ್ಷಿಸುವಂಥವು. ಮೇಲುಕೋಟೆ ಬೆಟ್ಟದಿಂದ ಜಕ್ಕನಹಳ್ಳಿಯ ಕಡೆಗಿನ ಇಳಿಜಾರಿನಲ್ಲಿ ತಿರುವುಗಳಿವೆ. ಹತ್ತುವಾಗ ಬಳಸಿದ ಗೇರಿನಲ್ಲೇ ಇಳಿಯಬೇಕೆಂಬುದು ಹಳೆಯ ಚಾಲಕರ ನಿಯಮ. ಬಯಲಿಗೆ ಬಂದರೆ ವಿಶ್ವೇಶ್ವರಯ್ಯ ನಾಲೆಯ ಏರಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ ಈ ನಾಲೆಗೆ ಉರುಳಿ 30 ಮಂದಿ ಮೃತಪಟ್ಟರು. ಆ ದುರಂತವನ್ನು ಇಲ್ಲಿ ನೆನೆಯುವುದು ಬ್ರೇಕ್ ವೈಫಲ್ಯದ ಉದಾಹರಣೆಯಾಗಿ ಅಲ್ಲ; ನಾಲೆಯ ಪಕ್ಕದ ರಸ್ತೆಯಲ್ಲಿ ವಾಹನ ಹಿಡಿತ ತಪ್ಪಿದರೆ ಸಾವರಿಸಿಕೊಳ್ಳಲು ಜಾಗವೇ ಇರುವುದಿಲ್ಲ ಎಂಬ ಎಚ್ಚರಿಕೆಯಾಗಿ.

ಎಲ್ಲಿ ಏನು ಸಿಗುತ್ತದೆ?

ತಾಲ್ಲೂಕು ಕೇಂದ್ರಗಳಲ್ಲಿ ಸಿಗುವುದು ಕೈಕೆಲಸ, ನಗರಗಳಲ್ಲಿ ಸಿಗುವುದು ಬಿಡಿಭಾಗ. ಈ ಭೇದ ತಿಳಿದು ಹೊರಟರೆ ಓಡಾಟ ತಪ್ಪುತ್ತದೆ.

ಶ್ರೀರಂಗಪಟ್ಟಣ: ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿದ್ದು, ಮೈಸೂರಿಗೆ ಸುಮಾರು 15 ಕಿ.ಮೀ. ದೂರದಲ್ಲಿದೆ. ಇಲ್ಲಿ ವಾಹನ ಕೆಟ್ಟರೆ ಮೈಸೂರಿನ ಬಿಡಿಭಾಗ ಮಳಿಗೆಗಳು ಮತ್ತು ಕಂಪನಿಗಳ ಅಧಿಕೃತ ಸೇವಾ ಕೇಂದ್ರಗಳನ್ನು ಮೊದಲು ವಿಚಾರಿಸುವುದು ಸೂಕ್ತ.

ಪಾಂಡವಪುರ: ಸಕ್ಕರೆ ಕಾರ್ಖಾನೆಯ ಊರು. ಕಬ್ಬು ಸಾಗಿಸುವ ಲಾರಿ, ಟ್ರಾಕ್ಟರ್‌ಗಳನ್ನು ನೋಡಿಕೊಳ್ಳುವ ಕುಶಲಕರ್ಮಿಗಳು ಇಂಥ ಊರುಗಳಲ್ಲಿ ಇರುತ್ತಾರೆ. ಶೂಗೆ ಲೈನಿಂಗ್ ರಿವೆಟ್ ಹೊಡೆಸುವುದು, ಡ್ರಮ್ ಲೇತ್‌ಗೆ ಕೊಡುವುದು ಮುಂತಾದ ಕೆಲಸಗಳಿಗೆ ಕಾರಿನ ಮೆಕಾನಿಕ್‌ಗಿಂತ ಲಾರಿ ಮೆಕಾನಿಕ್ ಮೇಲು.

ಕೆ.ಆರ್.ಪೇಟೆ: ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಿಂದಾಗಿ ಇಲ್ಲಿಯೂ ಭಾರಿ ವಾಹನಗಳ ಸಂಚಾರವುಂಟು. ಕಲ್ಲಹಳ್ಳಿಯ ಭೂವರಾಹನಾಥ ದೇವಾಲಯ, ಹೇಮಗಿರಿಗೆ ಬರುವ ಪ್ರವಾಸಿಗರು ಮೈಸೂರನ್ನಲ್ಲದೆ ಕಿಕ್ಕೇರಿ ಮಾರ್ಗವಾಗಿ ಚನ್ನರಾಯಪಟ್ಟಣ, ಹಾಸನವನ್ನೂ ಅವಲಂಬಿಸಬಹುದು.

ನಾಗಮಂಗಲ: ಕೆಎ–54 ನೋಂದಣಿಯ ಸಾರಿಗೆ ಕಚೇರಿ ಇರುವ ಊರು. ತಾಲ್ಲೂಕಿನ ಬೆಳ್ಳೂರು ಕ್ರಾಸ್ ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿದೆ. ಬೆಂಗಳೂರಿನಿಂದ ಬಿಡಿಭಾಗ ತರಿಸಿಕೊಳ್ಳಲು ಈ ಹೆದ್ದಾರಿಯೇ ಹತ್ತಿರದ ದಾರಿ. ಕೆಎಸ್‌ಆರ್‌ಟಿಸಿ 2021ರಲ್ಲಿ ಆರಂಭಿಸಿದ 'ನಮ್ಮ ಕಾರ್ಗೋ' ಪಾರ್ಸೆಲ್ ಸೇವೆಯನ್ನೂ ವಿಚಾರಿಸಬಹುದು.

ಸುತ್ತಮುತ್ತ ಎಲ್ಲೂ ಸಿಗದ ಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯೇ ಗತಿ. ವಾಹನ ಬಿಡಿಭಾಗಗಳ ಹಳೆಯ ಮಾರುಕಟ್ಟೆ ಇದು. ಗುಜರಿ ವಾಹನಗಳಿಂದ ಬಿಚ್ಚಿದ ಭಾಗಗಳಿಗೆ ಶಿವಾಜಿನಗರ ಹೆಸರುವಾಸಿ. ಆದರೆ ಗುಜರಿಯಿಂದ ಕೊಳ್ಳಬಹುದಾದದ್ದು ಬ್ರಾಕೆಟ್, ಪೆಡಲ್, ಹೆಚ್ಚೆಂದರೆ ಅಳತೆ ಸರಿಯಿರುವ ಡ್ರಮ್ ಮಾತ್ರ. ಹೋಸ್, ವಾಷರ್, ಸಿಲಿಂಡರ್, ಲೈನಿಂಗ್‌ಗಳನ್ನು ಹಳೆಯದರಲ್ಲಿ ಕೊಳ್ಳುವಂತಿಲ್ಲ.

ವಾಹನ ಕಂಪನಿ ಭಾಗವನ್ನು ನಿಲ್ಲಿಸಿದ್ದರೂ ಅದನ್ನು ತಯಾರಿಸಿಕೊಟ್ಟ ಸಂಸ್ಥೆಯ ಬಳಿ ಸಿಗುವ ಸಾಧ್ಯತೆಯುಂಟು. ಹೈಡ್ರಾಲಿಕ್ ಬ್ರೇಕ್‌ಗೆ 1962ರಲ್ಲಿ ಸ್ಥಾಪನೆಯಾದ ಚೆನ್ನೈನ ಬ್ರೇಕ್ಸ್ ಇಂಡಿಯಾ, ಲೈನಿಂಗ್‌ಗೆ ರಾಣೆ, ಏರ್ ಬ್ರೇಕ್‌ಗೆ ವ್ಯಾಬ್ಕೊ ಇಂಥ ಹೆಸರುಗಳು. ವಿದೇಶಿ ನಿರ್ಮಿತ ವಾಹನವಾದರೆ ಹದಿನೇಳು ಅಕ್ಷರ–ಅಂಕಿಗಳ ಚಾಸಿ ಸಂಖ್ಯೆಯನ್ನು ಕೊಟ್ಟು ಮೂಲ ದೇಶದಿಂದಲೇ ತರಿಸಬೇಕಾಗುತ್ತದೆ. ಸುಂಕ, ಸಮಯ ಎರಡೂ ತಗಲುವುದರಿಂದ ಹೋಸ್, ವಾಷರ್ ಕಿಟ್, ಪ್ಯಾಡ್‌ಗಳನ್ನು ಮುಂಚಿತವಾಗಿ ತರಿಸಿಡುವುದು ಜಾಣತನ.

ನಕಲಿ ಮಾಲಿನ ಕಾಟ

ಬ್ರೇಕ್ ಬಿಡಿಭಾಗಗಳಲ್ಲಿ ನಕಲಿಗಳ ಹಾವಳಿ ಇದೆ. ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ಭಾಗ ಸಂಖ್ಯೆ, ತಯಾರಿಕೆಯ ತಿಂಗಳು, ಗರಿಷ್ಠ ಮಾರಾಟ ಬೆಲೆ ಸ್ಪಷ್ಟವಾಗಿರಬೇಕು. ಪೊಟ್ಟಣದ ಸಂಖ್ಯೆ ಮತ್ತು ಭಾಗದ ಮೇಲಿನ ಸಂಖ್ಯೆ ಒಂದೇ ಆಗಿರಬೇಕು. ಅಸಲಿ ಮಾಲಿಗಿಂತ ಅರ್ಧ ಬೆಲೆಗೆ ಸಿಕ್ಕರೆ ಅನುಮಾನಿಸಬೇಕು. ರಬ್ಬರ್ ಭಾಗ ಅಸಲಿಯೇ ಆದರೂ ವರ್ಷಗಟ್ಟಲೆ ಅಂಗಡಿಯಲ್ಲಿ ಕುಳಿತದ್ದಾದರೆ ಬೇಡ.

ಜಿಎಸ್‌ಟಿ ಬಿಲ್ ಪಡೆಯುವುದು ಕಡ್ಡಾಯವೆಂದೇ ಭಾವಿಸಬೇಕು. ಬಿಲ್ ಇದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915.

ಜೋಡಣೆಯ ವೇಳೆ

* ಡ್ರಮ್ ಮೇಲೆ ನಮೂದಿಸಿದ ಗರಿಷ್ಠ ವ್ಯಾಸವನ್ನು ಮೀರಿ ಲೇತ್ ಹಿಡಿಸಬಾರದು. ತೆಳುವಾದ ಡ್ರಮ್ ಬೇಗ ಕಾಯುತ್ತದೆ, ಬಿರುಕು ಬಿಡುತ್ತದೆ.
* ಹಳೆಯ ಲೈನಿಂಗ್‌ಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆ್ಯಸ್ಬೆಸ್ಟಾಸ್ ಇರಬಹುದು. ದೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.
* ಬ್ರೇಕ್ ದ್ರವದ ಡಬ್ಬಿಗೆ ಎಂಜಿನ್ ಆಯಿಲ್ ತಾಕಿದರೂ ರಬ್ಬರ್ ಊದಿಕೊಳ್ಳುತ್ತದೆ. ತೆರೆದಿಟ್ಟ ಹಳೆಯ ಡಬ್ಬಿಯ ದ್ರವ ಬಳಸಬಾರದು.
* ಪೆಡಲ್ ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿದರೆ ಮಾಸ್ಟರ್ ಸಿಲಿಂಡರ್ ಒಳಗೆ ಸೋರುತ್ತಿದೆ ಎಂದೇ ಅನುಮಾನಿಸಬೇಕು.
* ಎಂಜಿನ್ ನಿಲ್ಲಿಸಿ ಪೆಡಲ್ ನಾಲ್ಕಾರು ಬಾರಿ ತುಳಿದು, ಒತ್ತಿ ಹಿಡಿದುಕೊಂಡೇ ಎಂಜಿನ್ ಚಾಲೂ ಮಾಡಬೇಕು. ಪೆಡಲ್ ತುಸು ಕೆಳಗೆ ಜಾರಿದರೆ ಬೂಸ್ಟರ್ ಸರಿಯಿದೆ. ಜಾರದಿದ್ದರೆ ಬೂಸ್ಟರ್, ಅದರ ಕೊಳವೆ ಮತ್ತು ವ್ಯಾಕ್ಯೂಮ್ ಪಂಪ್ ಪರೀಕ್ಷಿಸಬೇಕು.

ಕಾನೂನು ಏನನ್ನುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 96ನೇ ನಿಯಮ ಬ್ರೇಕ್‌ಗಳಿಗೆ ಸಂಬಂಧಿಸಿದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ನಿರ್ದಿಷ್ಟತೆಗೆ ವಿರುದ್ಧವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಡ್ರಮ್ ಕಿತ್ತು ಡಿಸ್ಕ್ ಕೂರಿಸುವಂತಹ ಸಾಹಸಕ್ಕೆ ಕೈ ಹಾಕುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಲೇಬೇಕು. ಮೋಟಾರ್ ಕ್ಯಾರವಾನ್‌ಗಳಿಗೆಂದೇ ಎಐಎಸ್–124 ಎಂಬ ಮಾನದಂಡವಿದೆ. ಖಾಸಗಿ ವಾಹನಕ್ಕೆ 15 ವರ್ಷ ತುಂಬಿದ ಬಳಿಕ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಎಂಟು ವರ್ಷ ಮೀರಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಅರ್ಹತಾ ಪತ್ರ ಬೇಕು. ಪತ್ರ ಕೈಯಲ್ಲಿದ್ದ ಮಾತ್ರಕ್ಕೆ ವರ್ಷವಿಡೀ ಬ್ರೇಕ್ ಸುಸ್ಥಿತಿಯಲ್ಲಿರುತ್ತದೆ ಎಂದು ಅರ್ಥವಲ್ಲ.

ಸರಿಯಾದ ಭಾಗ ಸಿಗುವವರೆಗೆ 'ನಿಧಾನವಾಗಿ ಓಡಿಸಿಕೊಂಡು ಹೋಗೋಣ' ಎಂಬ ಯೋಚನೆ ಸಲ್ಲದು. ಒಂದು ಚಕ್ರದ ಬ್ರೇಕ್ ಕೊಳವೆಯನ್ನು ಮುಚ್ಚಿ ಊರು ಸೇರುವ ಉಪಾಯವನ್ನು ಯಾರಾದರೂ ಸೂಚಿಸಿದರೆ ಒಪ್ಪಬಾರದು. ವಾಹನವನ್ನು ಟೋಯಿಂಗ್ ಲಾರಿಯ ಮೇಲೇರಿಸಿ ಸಾಗಿಸಬೇಕು, ಇಲ್ಲವೇ ನಿಂತಲ್ಲೇ ಬಿಟ್ಟು ಬಿಡಿಭಾಗ ತರಿಸಬೇಕು. ಕ್ಯಾರವಾನ್ ಹೇಗೂ ಮನೆಯೇ. ಎರಡು ದಿನ ಅದರಲ್ಲೇ ತಂಗಿ ಕಾಯಲು ಅಡ್ಡಿಯೇನಿಲ್ಲ.