ಒಂದು ದೊಡ್ಡಕ್ಷರಕ್ಕಾಗಿ ನಡೆದ ಹೋರಾಟ

ಇಂಗ್ಲಿಷ್ ಪರೀಕ್ಷೆಯಲ್ಲಿ ಮೈಸೂರಿನ 'ಎಂ' ಅನ್ನು ಸಣ್ಣದಾಗಿ ಬರೆದು ಅಂಕ ಕಳ್ಕೊಂಡಿದ್ದೀರಾ? ನಾನಂತೂ ಕಳ್ಕೊಂಡಿದ್ದೀನಿ. 😅

ನಮ್ಮ ಕನ್ನಡದಲ್ಲಿ ಈ ತಲೆನೋವೇ ಇಲ್ಲ. ಊರಿಗೂ ಮೈಸೂರಿಗೂ ಒಂದೇ ಥರದ ಅಕ್ಷರ. ಇಂಗ್ಲಿಷ್‌ನಲ್ಲಿ ಹಾಗಲ್ಲ. ಹುಡುಗ, ನದಿ, ಊರು ರೂಢನಾಮಗಳು, ಸಣ್ಣಕ್ಷರ ಸಾಕು. ರಾಮ, ಕಾವೇರಿ, ಮೈಸೂರು ಅಂಕಿತನಾಮಗಳು, ಮೊದಲ ಅಕ್ಷರ ದೊಡ್ಡದೇ ಆಗಬೇಕು. ಜನಾಂಗ, ದೇಶ, ಭಾಷೆಯ ಹೆಸರುಗಳಿಗೂ ಇದೇ ನಿಯಮ.

ಇದು ಬರೀ ವ್ಯಾಕರಣ, ಇದರಲ್ಲೇನು ಇತಿಹಾಸ ಅಂತೀರಾ? ಹಾಗಾದ್ರೆ ನೂರು ವರ್ಷ ಹಿಂದಿನ ಅಮೆರಿಕಕ್ಕೆ ಬನ್ನಿ. 👇

ಅಲ್ಲಿನ ಪತ್ರಿಕೆಗಳು ಜರ್ಮನ್, ಐರಿಷ್, ಇಟಾಲಿಯನ್ ಅಂತ ಬರೆಯುವಾಗ ದೊಡ್ಡಕ್ಷರ ಹಾಕುತ್ತಿದ್ದವು. ಆದರೆ ಕಪ್ಪು ಜನರನ್ನು ಆಗ ಕರೆಯುತ್ತಿದ್ದ 'ನೀಗ್ರೋ' ಪದಕ್ಕೆ ಹೆಚ್ಚಿನವು ಸಣ್ಣ 'ಎನ್' ಬಳಸುತ್ತಿದ್ದವು. (ಈ ಪದವನ್ನು ಇವತ್ತು ಯಾರಿಗೂ ಬಳಸಬೇಡಿ, ಅದು ಅವಮಾನ.) ಅಂದ್ರೆ ಉಳಿದವರೆಲ್ಲ ಹೆಸರಿರುವ ಜನಾಂಗ, ಇವರು ಮಾತ್ರ ಹೆಸರಿಲ್ಲದ ಗುಂಪು!

ಇದನ್ನು ಒಪ್ಪದವರಲ್ಲಿ ಒಬ್ಬರು ಡಬ್ಲ್ಯು. ಇ. ಬಿ. ಡುಬಾಯ್ಸ್. ಕಪ್ಪು ಜನರ ದೊಡ್ಡ ವಿದ್ವಾಂಸರು. ಫಿಲಡೆಲ್ಫಿಯಾದ ಕಪ್ಪು ಜನರ ಬದುಕಿನ ಬಗ್ಗೆ 1899ರಲ್ಲಿ ಬರೆದ ಪುಸ್ತಕದಲ್ಲೇ ಅವರು ದೊಡ್ಡ 'ಎನ್' ಬಳಸಿದರು. ಯಾಕೆ ಅಂತ ಅಡಿಟಿಪ್ಪಣಿಯಲ್ಲಿ ಕಾರಣವನ್ನೂ ಕೊಟ್ಟರು. 1929ರಲ್ಲಿ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಅವರ ಲೇಖನದಲ್ಲಿ ಸಣ್ಣ 'ಎನ್' ಹಾಕಲು ಹೊರಟಾಗ, ಇದು ನನಗೆ ಮಾಡಿದ ಅವಮಾನ ಅಂತ ಖಾರವಾಗಿಯೇ ಪತ್ರ ಬರೆದರು. ಕೊನೆಗೆ ಸಂಪಾದಕರೇ ಮಣಿದರು.

1930ರ ಮಾರ್ಚ್ 7ರಂದು ನ್ಯೂಯಾರ್ಕ್ ಟೈಮ್ಸ್ ಕೂಡ ಇನ್ಮುಂದೆ ದೊಡ್ಡ 'ಎನ್' ಅಂತ ಘೋಷಿಸಿತು. ಇದು ಅಚ್ಚಿನ ಮನೆಯ ಬದಲಾವಣೆ ಮಾತ್ರವಲ್ಲ, ಒಂದು ಜನಾಂಗದ ಸ್ವಾಭಿಮಾನಕ್ಕೆ ಕೊಟ್ಟ ಮನ್ನಣೆ ಅನ್ನೋದನ್ನೂ ಒಪ್ಪಿಕೊಂಡಿತು.

ಕತೆ ಅಲ್ಲಿಗೆ ಮುಗೀಲಿಲ್ಲ. ಮುಂದೆ ಆ ಪದ ಹೋಗಿ 'ಬ್ಲ್ಯಾಕ್' ಬಂತು, ಮತ್ತೆ ಸಣ್ಣಕ್ಷರದಲ್ಲೇ! 2020ರಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ, ಜೂನ್ 19ರಂದು ಅಸೋಸಿಯೇಟೆಡ್ ಪ್ರೆಸ್ ನಿಯಮ ಬದಲಿಸಿತು: ಜನರ ಗುರುತಾದರೆ ದೊಡ್ಡ 'ಬಿ', ಬರೀ ಬಣ್ಣವಾದರೆ ಸಣ್ಣ 'ಬಿ'. ಕಪ್ಪು ಶೂಗೆ ಸಣ್ಣದು, ಕಪ್ಪು ಜನರಿಗೆ ದೊಡ್ಡದು.

ಅದಕ್ಕೇ ಫ್ರೆಂಡ್ಸ್, ಇಂಗ್ಲಿಷ್ ವಾಕ್ಯದಲ್ಲಿ ಮುಂದಿನ ಸಲ ದೊಡ್ಡಕ್ಷರ ಹಾಕುವಾಗ ಅಂಕವನ್ನಷ್ಟೇ ನೆನೀಬೇಡಿ. ಒಬ್ಬರ ಹೆಸರನ್ನು ಹೆಸರಂತ ಒಪ್ಪಿಕೊಳ್ಳೋದೂ ಗೌರವವೇ. ಅದಕ್ಕಾಗಿ ಹೋರಾಡಿದವರಿದ್ದಾರೆ.

ನಿಮ್ಮ ಹೆಸರನ್ನು ಯಾರಾದ್ರೂ ತಪ್ಪಾಗಿ ಬರೆದಾಗ ಹೇಗನ್ನಿಸಿತ್ತು? ಕಾಮೆಂಟ್‌ನಲ್ಲಿ ಹೇಳಿ. 💬

#ಇತಿಹಾಸ #ಅಂಕಿತನಾಮ #ಕನ್ನಡದಲ್ಲಿಕಲಿಯೋಣ