ಕಾರಣೆ ಬಳಿದ ಗೋಡೆ

ಮಲಗುವ ಕೋಣೆಗೆ ಗಾಢ ಬಣ್ಣ ಬೇಕು ಎನ್ನುವವರು ಈಗ ಹೆಚ್ಚಾಗಿದ್ದಾರೆ. ಹುಳಿಯಾರು, ತಿಪಟೂರಿನಲ್ಲಿ ಹೊಸ ಮನೆ ಕಟ್ಟಿಸಿದವರು ಫೋನಿನಲ್ಲಿ ಫೋಟೊ ತೋರಿಸಿ, “ಅಣ್ಣ, ಮಂಚದ ಹಿಂದಿನ ಗೋಡೆ ಹಿಂಗೇ ಮೆರೂನ್ ಮಾಡ್ಕೊಡಿ, ಒಳಕ್ಕೆ ಹೋದ್ರೆ ನಿದ್ದೆ ಬರಂಗಿರ್ಬೇಕು” ಅನ್ನುತ್ತಾರೆ. ಮಾಡಿಕೊಡುತ್ತೇನೆ. ಇದೆಲ್ಲ ಪ್ಯಾಟೆ ಶೋಕಿ ಎಂದು ಹಿರಿಯರು ಮೂಗು ಮುರಿದರೆ ಮಾತ್ರ ನಾನು ಒಪ್ಪುವುದಿಲ್ಲ. ನಮ್ಮ ಕೆಂಕೆರೆಯ ಹಳೇ ಗೋಡೆಗಳನ್ನು ಕೆರೆದು ಪಳಗಿದ ಕೈ ನನ್ನದು. ಮಲಗುವ ಜಾಗಕ್ಕೆ ಗಾಢ ಬಣ್ಣ ನಮ್ಮಲ್ಲಿ ಮೊದಲಿಂದಲೂ ಇತ್ತು. ನಡುವೆ ಒಂದೆರಡು ತಲೆಮಾರು ಬಿಟ್ಟಿದ್ದೆವು, ಅಷ್ಟೆ.

ಹಳೇ ಮಣ್ಣುಗೋಡೆಗೆ ಪಟ್ಟಿ ಹಾಕಿ ಕೆರೆಯುವಾಗ ಮೊದಲು ಏಳುವುದು ಡಿಸ್ಟೆಂಪರಿನ ಹೊಪ್ಪಳೆ, ತಿಳಿಹಸಿರೋ ತಿಳಿಗುಲಾಬಿಯೋ. ಅದರಡಿ ನೀಲಿ ಬೆರೆಸಿದ ಸುಣ್ಣ. ಅದೂ ಉದುರಿದರೆ ಬರೀ ಸುಣ್ಣ, ಒಂದರ ಮೇಲೊಂದು, ಹಬ್ಬಕ್ಕೊಂದರಂತೆ ಬಳಿದದ್ದು. ಕೆಳಗಿನ ಮೂರಡಿಯಲ್ಲಿ ಮಾತ್ರ ಬೇರೆ ಕಥೆ. ಅಲ್ಲಿ ಸುಣ್ಣದ ನಡುನಡುವೆ ಕೆಂಪು ಪದರ ಸಿಗುತ್ತದೆ, ಕಟ್ಟಕಡೆಗೆ ಕೆಂಪೇ ಉಳಿಯುತ್ತದೆ. ಒದ್ದೆ ಬೆರಳಲ್ಲಿ ಉಜ್ಜಿದರೆ ಇವತ್ತು ಕಲಸಿದಂತೆ ಬೆರಳಿಗೆ ಹತ್ತುತ್ತದೆ. ಅದೇ ಕೆಮ್ಮಣ್ಣಿನ ಕಾರಣೆ.

ಆ ಮನೆಗಳಲ್ಲಿ ಮಲಗುವ ಕೋಣೆ ಅಂತ ಬೇರೆ ಇರಲಿಲ್ಲ. ಗಂಡಸರು ಜಗುಲಿ, ಪಡಸಾಲೆಯಲ್ಲಿ ಮಲಗಿದರೆ ಹೆಂಗಸರು ಮಕ್ಕಳು ನಡುಮನೆಯಲ್ಲಿ ಈಚಲು ಚಾಪೆ ಹಾಸಿ ಗೋಡೆಯುದ್ದಕ್ಕೂ ಸಾಲಾಗಿ ಮಲಗುತ್ತಿದ್ದರು. ತಲೆಯ ಮೇಲೆ ಅಟ್ಟ. ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ, ವರ್ಷ ಹತ್ತಿರ ಅಲ್ಲೇ ಒಣಗಿ, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟುಕು ಗಲಗಲ ಅನ್ನುವವರೆಗೆ. ಒಲೆಯ ಹೊಗೆ ಕುಡಿದ ತೊಲೆ ಜಂತೆಗಳು ಕಡುಗಪ್ಪು. ಬೆಳಕು ಬರುವುದು ಗವಾಕ್ಷಿಯಿಂದ ಮಾತ್ರ. ಮೇಲೆ ಕಪ್ಪು, ಕೆಳಗೆ ಕೆಂಪು, ನಡುವೆ ಒಂದಿಷ್ಟು ಬಿಳಿ. ಎಣ್ಣೆದೀಪ ಆರಿಸಿದರೆ ಆ ಬಿಳಿಯೂ ಇಲ್ಲ.

ಕಾರಣೆಗೆ ಕಾರಣ ಬರೀ ಚೆಂದವಲ್ಲ. ನಮ್ಮದು ತೆಂಗಿನ ಸೀಮೆ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚದೆ ಯಾರೂ ಮಲಗುತ್ತಿರಲಿಲ್ಲ. ಸುಣ್ಣದ ಗೋಡೆಗೆ ಆ ತಲೆ ತಾಗಿದರೆ ಜಿಡ್ಡಿನ ಗುರುತು ಹೋಗುವುದಿಲ್ಲ, ಸುಣ್ಣದ ಪುಡಿಯೂ ಮೈಗಂಟುತ್ತದೆ. ಕೆಮ್ಮಣ್ಣಿಗೆ ಸಗಣಿನೀರು ಸೇರಿಸಿ ಬಳಿದರೆ ಎರಡೂ ತಪ್ಪುತ್ತವೆ. ಎಷ್ಟು ಎತ್ತರಕ್ಕೆ ಬಳಿಯಬೇಕು ಅನ್ನುವುದಕ್ಕೆ ನಮ್ಮಜ್ಜಿಯ ಲೆಕ್ಕ ಹೀಗಿತ್ತು: “ಎದ್ದು ಕುಂತೋರ ನೆತ್ತಿ ಮುಚ್ಚಬೇಕು ಕಣಪ್ಪ, ಅದಕ್ಕಿಂತ ಮ್ಯಾಕೆ ಯಾಕೆ?” ಸುಣ್ಣ ಗಂಡಸರ ಕೆಲಸ, ಕತ್ತಾಳೆ ಬಡಿದು ಮಾಡಿದ ಕುಂಚ ಹಿಡಿದು ಏಣಿ ಹತ್ತುತ್ತಿದ್ದರು. ಕಾರಣೆ ಹೆಂಗಸರದು. ಬಟ್ಟೆಯ ಉಂಡೆ ಅದ್ದಿ, ಅಂಗೈ ಅಗಲ ಅಗಲಕ್ಕೆ ಎಳೆಯುತ್ತಿದ್ದರು. ಮೇಲಂಚಿನ ಗೆರೆ ನೂಲು ಹಿಡಿದ ಹಾಗೆ ನೇರ. ಟೇಪು ಅಂಟಿಸಿಯೂ ಅಷ್ಟು ನೀಟಾಗಿ ಎಳೆಯಲಾರದ ಹುಡುಗರು ಇವತ್ತು ನನ್ನ ಜೊತೆ ಇದ್ದಾರೆ.

ಕಾರಣೆಯ ಮಣ್ಣಿಗೆ ಆ ಕೆಂಪು ಕೊಡುವುದು ಕಬ್ಬಿಣದ ಅಂಶ. ನಮ್ಮ ತಾಲ್ಲೂಕಿನ ಗುಡ್ಡಗಳಲ್ಲಿ ಅದಕ್ಕೇನು ಬರವಿಲ್ಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯವರ ಪರವಾಗಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಚಿಕ್ಕನಾಯಕನಹಳ್ಳಿ ಸುತ್ತಿನ ಕಬ್ಬಿಣದ ಅದಿರಿನ ಬಗ್ಗೆ ಬರೆದಿಟ್ಟಿದ್ದಾನೆ.

ನಿಜವಾದ ಮಲಗುವ ಕೋಣೆ ಅಂತ ಇದ್ದದ್ದು ಬಾಣಂತಿ ಕೋಣೆ ಒಂದೇ. ಮನೆಯಲ್ಲೇ ಅತಿ ಕತ್ತಲಿನದು. ಹಗ್ಗದ ಮಂಚ, ಬಾಗಿಲಿಗೆ ಅಡ್ಡಲಾಗಿ ಕರಿಕಂಬಳಿ, ಸಾಂಬ್ರಾಣಿ ಹೊಗೆ. ಆ ಕಂಬಳಿಗೆ ಯಾರೂ ಬಣ್ಣ ಹಾಕುತ್ತಿರಲಿಲ್ಲ, ಕರಿ ಕುರಿಯ ಉಣ್ಣೆಯ ಬಣ್ಣವೇ ಅದು. ಕುರುಬರ ಮನೆ ಹೆಂಗಸರು ನೂತ ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ಗುಂಡಿಮಗ್ಗದಲ್ಲಿ ನೇಯುತ್ತಿದ್ದರು. ಹೊಸ ಕಂಬಳಿ ತಟ್ಟಿಯ ಹಾಗೆ ಬಿರುಸು, ಗಾಳಿಯನ್ನೂ ಬೆಳಕನ್ನೂ ಒಟ್ಟಿಗೆ ತಡೆಯುತ್ತಿತ್ತು. ಹಗಲಲ್ಲೂ ರಾತ್ರಿಯಲ್ಲೂ ಹೊತ್ತು ಗೊತ್ತಿಲ್ಲದೆ ಮಗುವಿಗೆ ಏಳುವ ತಾಯಿಗೆ ಅಷ್ಟು ಕತ್ತಲೆ ಬೇಕೇ ಬೇಕು. ಆ ಕೋಣೆಯ ಹೊಗೆಯನ್ನೂ ಉಸಿರು ಕಟ್ಟುವುದನ್ನೂ ನಾನು ಹೊಗಳುವುದಿಲ್ಲ. ಕತ್ತಲೆಯ ವಿಷಯದಲ್ಲಿ ಮಾತ್ರ ಅವರ ಲೆಕ್ಕ ಸರಿಯಾಗಿತ್ತು.

ಕೆಂಪು ಕಪ್ಪು ಬಿಟ್ಟು ಉಳಿದ ಬಣ್ಣವೆಲ್ಲ ಕೌದಿಯಲ್ಲಿತ್ತು. ಹರಿದ ಹಳೇ ಕೌದಿಯ ಹೊಲಿಗೆ ಬಿಚ್ಚಿ ನೋಡಿದ್ದೇನೆ, ಅದೂ ಗೋಡೆಯ ಥರವೇ. ಮೇಲೆ ಪಾಲಿಯೆಸ್ಟರ್ ಸೀರೆಯ ಕಣ್ಣು ಕುಕ್ಕುವ ಗುಲಾಬಿ, ಕೆಳಗೆ ಮಿಲ್ ಸೀರೆಯ ಹಸಿರು, ಒಳಗೊಳಗೆ ಮಾಸಿದ ಕೈಮಗ್ಗದ ಕೆಂಪು. ಮಡ್ಡಿಬೇರಿನ ಕೆಂಪು, ಗಿಡದ ನೀಲಿ ನಮ್ಮ ಬಣ್ಣಗಾರರ ಕೈ ತಪ್ಪಿದ್ದು ಜರ್ಮನಿಯವರು 1869ರಲ್ಲಿ ಬೇರಿನ ಕೆಂಪನ್ನೂ 1897ರಲ್ಲಿ ನೀಲಿಯನ್ನೂ ಕಾರ್ಖಾನೆಯಲ್ಲಿ ಮಾಡಿ ಮಾರತೊಡಗಿದ ಮೇಲೆ. ಬೆಂಗಳೂರಿನಿಂದ 1884ರಲ್ಲಿ ತುಮಕೂರಿಗೆ ಬಂದ ರೈಲು 1889ರ ಹೊತ್ತಿಗೆ ತಿಪಟೂರು, ಅರಸೀಕೆರೆ ದಾಟಿ ಹರಿಹರ ಮುಟ್ಟಿತ್ತು. ಕೊಬ್ಬರಿ ಹೊರಕ್ಕೆ ಹೋಗುವ ದಾರಿಯಲ್ಲೇ ಮಿಲ್ ಬಟ್ಟೆ ಒಳಕ್ಕೆ ಬಂತು. ಹೆಂಗಸರು ಆ ಬಟ್ಟೆಯನ್ನೂ ಉಟ್ಟು ಸವೆಸಿ ಕೌದಿಗೇ ಸೇರಿಸಿದರು.

ಗೋಡೆಯ ಬಣ್ಣ ತಿಳಿಯಾದದ್ದು ವಿದ್ಯುತ್ತಿನಿಂದ ಎಂದು ನನ್ನ ಅಂದಾಜು. ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿದರೂ ಹಳ್ಳಿಗಳಿಗೆ ಬಂದದ್ದು ಎಷ್ಟೋ ಕಾಲದ ಮೇಲೆ. ಬಲ್ಬು ಬಂದಾಗ ಮನೆಯೆಲ್ಲ ಬೆಳ್ಳಗೆ ಕಾಣಬೇಕೆಂಬ ಆಸೆ ಬಂತು, ಹೊಗೆ ಕತ್ತಲೆಯಲ್ಲಿ ಬೆಂದವರಿಗೆ ಅದು ಸಹಜವೇ. ಕಾರಣೆ ಹೋಗಿ ನೀಲಿ ಸುಣ್ಣ, ಆಮೇಲೆ ಡಿಸ್ಟೆಂಪರ್. ಏಷ್ಯನ್ ಪೇಂಟ್ಸ್ ಡಬ್ಬದ ಮೇಲೆ ಕುಂಚ ಹಿಡಿದು ನಿಂತಿರುತ್ತಿದ್ದ ಗಟ್ಟು ಎಂಬ ಹುಡುಗನನ್ನು ನಮ್ಮ ಆರ್.ಕೆ. ಲಕ್ಷ್ಮಣ್ ಬರೆದದ್ದು 1954ರಲ್ಲಿ. ನಾನು ಬಣ್ಣದ ಕೆಲಸಕ್ಕೆ ಕೈ ಹಾಕಿದ್ದೇ ಆ ಹುಡುಗನ ಚಿತ್ರ ನೋಡಿ.

ತಿಳಿಬಣ್ಣದ ಗೋಡೆ ಟ್ಯೂಬ್‌ಲೈಟನ್ನು ಕಣ್ಣಿಗೇ ತಿರುಗಿ ಎಸೆಯುತ್ತದೆ. ರಾತ್ರಿ ಹೆಚ್ಚು ಬೆಳಕು ಕಣ್ಣಿಗೆ ಬಿದ್ದರೆ ನಿದ್ದೆ ತರಿಸುವ ಮೆಲಟೋನಿನ್ ಕಡಿಮೆಯಾಗುತ್ತದೆ ಎಂದು ವೈದ್ಯರೂ ಹೇಳುತ್ತಾರೆ. ಆದ್ದರಿಂದ ಗಾಢ ಬಣ್ಣ ಕೇಳುವವರಿಗೆ ನಾನು ಮೊದಲು ಹೇಳುವುದು ಹೊಳಪಿನದು ಬೇಡ, ಮ್ಯಾಟ್ ಇರಲಿ ಅಂತ. ಎರಡನೆಯದು, ನಾಲ್ಕು ಗೋಡೆಗೂ ಬೇಡ. ಸಿಮೆಂಟು ಗೋಡೆಯ ಮೇಲೆ ಕೆಮ್ಮಣ್ಣು ನಿಲ್ಲುವುದಿಲ್ಲ, ಪುಡಿಪುಡಿಯಾಗಿ ಉದುರುತ್ತದೆ. ಅದಕ್ಕೆ ಪ್ರೈಮರ್ ಹೊಡೆದು, ಎಮಲ್ಷನ್ನಿಗೆ ರೆಡ್ ಆಕ್ಸೈಡ್ ಬಣ್ಣದ ಸ್ಟೇನರ್ ಬೆರೆಸಿ, ಒಂದು ಹನಿ ಕಪ್ಪು ಬಿಟ್ಟು ಹದ ಮಾಡುತ್ತೇನೆ. ಅದೂ ಕಬ್ಬಿಣದ್ದೇ ಕೆಂಪು. ಮಂಚದ ಕಡೆಯ ಗೋಡೆಗೆ ಆ ಬಣ್ಣ, ಎದ್ದು ಕೂತವರ ನೆತ್ತಿ ಮುಚ್ಚುವ ಮಟ್ಟಕ್ಕೆ.